‘ಬಾಂಧವ’ ಎಂದು ಕರೆದವರು ಲೆಕ್ಕ ಕೊಡಲಿ



ಪಕ್ಕದೂರಿನ ಹಿರಿಯರೊಬ್ಬರು ಮೊನ್ನೆ ಎರಡು ಕಾಗದ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಒಂದು ಕೃಷಿ ಮೇಳದ ಕರೆಯೋಲೆ. ನುಣುಪು ಕಾಗದ, ಬಣ್ಣದ ಚಿತ್ರ, ಮಂತ್ರಿಗಳ ನಗುಮುಖ, ಅದರ ಕೆಳಗೆ ‘ಪ್ರೀತಿಯ ರೈತ ಬಾಂಧವರೇ’ ಎಂಬ ದಪ್ಪಕ್ಷರ. ಇನ್ನೊಂದು ಬ್ಯಾಂಕಿನ ನೋಟೀಸು. ಅದರಲ್ಲಿ ಬಣ್ಣವೂ ಇಲ್ಲ, ಪ್ರೀತಿಯೂ ಇಲ್ಲ. ‘ಸುಸ್ತಿದಾರರಾದ ನೀವು’ ಎಂದು ಶುರುವಾಗಿ ‘ಮುಂದಿನ ಕ್ರಮಕ್ಕೆ ನೀವೇ ಹೊಣೆ’ ಎಂದು ಮುಗಿಯುತ್ತದೆ. ಎರಡರ ಮೇಲೂ ಹೆಸರು ಒಂದೇ, ಊರು ಒಂದೇ.

ಹಿರಿಯರು ಕೇಳಿದರು: “ನೋಡಪ್ಪಾ, ಈ ಕಾಗದದಾಗೆ ನಾನು ಬಾಂಧವ. ಇದ್ರಾಗೆ ಸುಸ್ತಿದಾರ. ನಾನು ಯಾರು ಅಂತ ಸರಿಯಾಗಿ ಓದಿ ಹೇಳು.”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಇದು ಅವರೊಬ್ಬರ ಪ್ರಶ್ನೆಯಲ್ಲ. ಪಹಣಿಯಲ್ಲಿ ಹೆಸರಿದ್ದು, ಆ ಪಹಣಿಯ ಋಣದ ಕಾಲಮ್ಮಿನಲ್ಲಿ ಬ್ಯಾಂಕಿನ ಹೆಸರೂ ಇರುವ ನಮ್ಮೆಲ್ಲರ ಪ್ರಶ್ನೆ. ಆದ್ದರಿಂದ ಈ ‘ಬಾಂಧವ’ ಎಂಬ ಮಾತನ್ನು ಒಮ್ಮೆ ಕಣಕ್ಕೆ ಹಾಕಿ ತೂರಿ ನೋಡೋಣ. ಕಾಳೆಷ್ಟು, ಹೊಟ್ಟೆಷ್ಟು, ಗೊತ್ತಾಗಲಿ.

ಬಂಧು, ಬಾಂಧವ, ಬಂಧನ ಇವು ಮೂರೂ ಒಂದೇ ಬೇರಿನ ಮಾತುಗಳು. ಕಟ್ಟುವುದು ಎಂಬುದು ಆ ಬೇರಿನ ಅರ್ಥ. ಇಬ್ಬರನ್ನು ಒಂದು ಹಗ್ಗ ಸಮವಾಗಿ ಕಟ್ಟಿದರೆ ಅವರು ಬಂಧುಗಳು. ಒಬ್ಬನನ್ನು ಮಾತ್ರ ಕಟ್ಟಿ ಹಗ್ಗದ ತುದಿಯನ್ನು ಇನ್ನೊಬ್ಬ ಹಿಡಿದುಕೊಂಡರೆ ಅದು ಬಂಧನ. ಇಷ್ಟೇ ವ್ಯತ್ಯಾಸ. ಹಳ್ಳಿಯ ಜನಕ್ಕೆ ಇದನ್ನು ನಿಘಂಟು ತೆಗೆದು ಹೇಳಬೇಕಿಲ್ಲ. ಮದುವೆಗೆ ಕರೆದರೆ ಬರುವವರು ನೂರು ಮಂದಿ. ಸಾವಿನ ಮನೆಗೆ ಕರೆಯದೆ ಬರುವವನೇ ಬಂಧು. ನಿಮ್ಮ ಹೊಲದ ಕಳೆಗೆ ಇಂದು ನಾನು, ನನ್ನ ಹೊಲದ ಕೊಯ್ಲಿಗೆ ನಾಳೆ ನೀವು. ಇದಕ್ಕೆ ಮುಯ್ಯಾಳು ಎಂದು ಹೆಸರು. ದುಡ್ಡಿನ ಲೆಕ್ಕ ಇಲ್ಲ, ಆದರೆ ಲೆಕ್ಕವೇ ಇಲ್ಲವೆಂದಲ್ಲ. ಒಂದು ಆಳಿಗೆ ಒಂದು ಆಳು, ಒಂದು ದಿನಕ್ಕೆ ಒಂದು ದಿನ. ಬರೀ ಕರೆಸಿಕೊಂಡು ತಾನು ಹೋಗದವನನ್ನು ಊರು ಎರಡನೇ ವರ್ಷ ನಂಬುವುದಿಲ್ಲ.

ಈ ಮನೆಯ ಮಾತು ದೇಶದ ಮಾತಾದದ್ದು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ. ಚಿತ್ತರಂಜನ ದಾಸರನ್ನು ಜನ ‘ದೇಶಬಂಧು’ ಎಂದು ಕರೆದರು. ಸಿ. ಎಫ್. ಆಂಡ್ರೂಸ್ ಎಂಬ ಇಂಗ್ಲಿಷರವನಿಗೆ ‘ದೀನಬಂಧು’ ಎಂಬ ಹೆಸರು ಬಂತು. ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಕರಾರಿನ ಕೂಲಿಗಳಾಗಿ ಸಿಕ್ಕಿಬಿದ್ದಿದ್ದ ನಮ್ಮ ಜನರ ಪರವಾಗಿ ದುಡಿದವರು ಅವರು. ರಕ್ತ ಬೇರೆ, ದೇಶ ಬೇರೆ, ಭಾಷೆ ಬೇರೆ; ಆದರೂ ಬಂಧು. ಅಂದರೆ ಈ ಹೆಸರು ಹುಟ್ಟಿನಿಂದ ಬರುವುದಲ್ಲ, ನಡತೆಯಿಂದ ಗಳಿಸುವುದು ಎಂಬ ತಿಳಿವಳಿಕೆ ಆ ತಲೆಮಾರಿಗಿತ್ತು. ‘ದೇಶಬಾಂಧವರೇ’ ಎಂದು ವೇದಿಕೆಯಿಂದ ಕೂಗಿದವನು ಆಮೇಲೆ ಜೈಲಿಗೂ ಹೋಗುತ್ತಿದ್ದ. ಮಾತಿಗೆ ಬೆಲೆ ಬಂದದ್ದು ಹಾಗೆ.

ನಮ್ಮನ್ನು ಕರೆಯಲು ಬೇರೆ ಹೆಸರುಗಳೂ ಇವೆಯಲ್ಲ, ಅವನ್ನೂ ಒಂದಿಷ್ಟು ನೋಡಿ. ‘ಪ್ರಜೆ’ ಎಂದರೆ ಮೂಲದಲ್ಲಿ ಸಂತಾನ. ದೊರೆ ಅಪ್ಪ, ಪ್ರಜೆ ಮಗು; ಅಪ್ಪ ಕೊಟ್ಟರೆ ಉಣ್ಣಬೇಕು, ಹೊಡೆದರೆ ಸುಮ್ಮನಿರಬೇಕು. ‘ರೈತ’ ಎಂಬುದು ಅರಬ್ಬಿಯಿಂದ ಪಾರಸಿಯ ದಾರಿ ಹಿಡಿದು ಬಂದ ಮಾತು. ಅಲ್ಲಿ ಅದಕ್ಕೆ ಮಂದೆ ಎಂಬ ಅರ್ಥ, ದೊರೆಯ ಕೈಕೆಳಗಿನ ಜನ ಎಂಬ ಅರ್ಥ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರು ಒಂದು ಕಾಲಕ್ಕೆ ಕುರಿಮಂದೆಯ ಹೆಸರಾಗಿತ್ತು! ಅದನ್ನು ನಾವು ಬೆವರಿನಿಂದಲೂ ಚಳವಳಿಯಿಂದಲೂ ತೊಳೆದು ನಮ್ಮದು ಮಾಡಿಕೊಂಡೆವು, ಆ ಮಾತು ಬೇರೆ. ಇನ್ನು ‘ನಾಗರಿಕ’. ನಗರದವನು ಎಂದೇ ಅದರ ಅರ್ಥ. ಸಂವಿಧಾನ ಪ್ರತಿಯೊಬ್ಬನನ್ನೂ ನಾಗರಿಕ ಎಂದಿತು, ಸರಿ. ಆದರೆ ಪಟ್ಟಣದ ಬಾಯಲ್ಲಿ ಹಳೆಯ ಅರ್ಥವೇ ಕೂತಿದೆ: ಊರ ಹೊರಗಿನ ಹೊಲದಲ್ಲಿ ನಿಂತವನು ಇನ್ನೂ ನಾಗರಿಕನಾಗಬೇಕಾದವನು!

ಈ ನಾಲ್ಕರಲ್ಲಿ ಹೇಳುವವನನ್ನೂ ಕೇಳುವವನನ್ನೂ ಒಂದೇ ಜಮಖಾನದ ಮೇಲೆ ಕೂರಿಸುವ ಮಾತು ‘ಬಾಂಧವ’ ಒಂದೇ. ನಾನು ನಿನಗೆ ಬಾಂಧವನಾದರೆ ನೀನೂ ನನಗೆ ಬಾಂಧವ. ಇದರಲ್ಲಿ ಮೇಲು-ಕೆಳಗಿಲ್ಲ. ಸಂವಿಧಾನದ ಪೀಠಿಕೆಯಲ್ಲಿ ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವವನ್ನೂ ಬರೆದದ್ದು ಇದೇ ಕಾರಣಕ್ಕೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಅಂಬೇಡ್ಕರ್, ಭ್ರಾತೃತ್ವವಿಲ್ಲದೆ ಉಳಿದೆರಡೂ ನಿಲ್ಲುವುದಿಲ್ಲವೆಂದರು. ಸಾವಿರಾರು ಜಾತಿಗಳಾಗಿ ಒಡೆದ ಜನ ಒಂದು ರಾಷ್ಟ್ರವಾಗುವುದು ಹೇಗೆಂದು ಕೇಳಿದರು. ಮತದಲ್ಲಿ ಸಮಾನತೆ ಸಿಕ್ಕಿ ಬದುಕಿನಲ್ಲಿ ಸಿಗದಿದ್ದರೆ ಕಟ್ಟಿದ್ದೆಲ್ಲ ಕುಸಿದೀತೆಂದು ಎಚ್ಚರಿಸಿದರು. ಹಾಗಾಗಿ ‘ಬಾಂಧವ’ ಎಂಬುದು ಭಾಷಣದ ಒಗ್ಗರಣೆಯಲ್ಲ. ಅದು ಕರಾರು. ಕರಾರು ಅಂದ ಮೇಲೆ ಲೆಕ್ಕ ನೋಡಬೇಕು.

ಮೊದಲು ಬೆಲೆಯ ಲೆಕ್ಕ.

ನಮ್ಮಲ್ಲಿ ‘ಆಹಾರ ಮತ್ತು ನಾಗರಿಕ ಸರಬರಾಜು’ ಎಂದೊಂದು ಇಲಾಖೆ ಇದೆ. ಬೆಳೆದವನು ಬಾಂಧವ, ಸರಬರಾಜು ಮಾತ್ರ ನಾಗರಿಕನಿಗೆ! ಇಲಾಖೆಯ ಬೋರ್ಡನ್ನು ಹಾಗೆ ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಆದರೆ ಐವತ್ತು ಅರವತ್ತು ವರ್ಷಗಳ ಬೆಲೆ ನೀತಿಯನ್ನು ನೋಡಿದರೆ ಬೋರ್ಡೇ ನಿಜ ಹೇಳುತ್ತಿದೆ ಅನ್ನಿಸುತ್ತದೆ. ಕೃಷಿ ಬೆಲೆ ಆಯೋಗ ಹುಟ್ಟಿದ್ದು 1965ರಲ್ಲಿ. 1985ರಲ್ಲಿ ಅದರ ಹೆಸರಿಗೆ ‘ವೆಚ್ಚ’ ಎಂಬ ಮಾತು ಸೇರಿ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವಾಯಿತು. ಹೆಸರಿಗೆ ವೆಚ್ಚ ಸೇರಿತು, ಬೆಲೆಗೆ ಸೇರಿತೇ?

ಆಯೋಗದ ಲೆಕ್ಕ ಹೀಗಿದೆ. ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ ಇತ್ಯಾದಿ ಕೈಯಿಂದ ಬಿಟ್ಟ ಖರ್ಚು ‘ಎ2’. ಅದಕ್ಕೆ ಮನೆಮಂದಿಯ ದುಡಿಮೆಯನ್ನು ಕೂಡಿಸಿದರೆ ‘ಎ2 ಮತ್ತು ಎಫ್‌ಎಲ್’. ಸ್ವಂತ ಭೂಮಿಯ ಗೇಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ‘ಸಿ2’. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ 2006ರಲ್ಲಿ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚು ಕೊಡಿ ಎಂದಿತು. 2018ರಲ್ಲಿ ಕೇಂದ್ರ ಸರ್ಕಾರ ‘ಒಂದೂವರೆ ಪಟ್ಟು ಕೊಟ್ಟೆವು’ ಎಂದು ಡಂಗುರ ಹೊಡೆಯಿತು. ಕೊಟ್ಟದ್ದು ಯಾವುದರ ಒಂದೂವರೆ ಪಟ್ಟು? ಎರಡನೇ ಲೆಕ್ಕದ್ದು. ರೈತ ಸಂಘಟನೆಗಳು ಕೇಳುತ್ತಿರುವುದು ಮೂರನೆಯದರದ್ದು.

ಪಟ್ಟಣದಲ್ಲಿ ಒಬ್ಬ ಅಂಗಡಿ ಇಟ್ಟರೆ ಮಳಿಗೆಯ ಬಾಡಿಗೆಯೂ ಹಾಕಿದ ದುಡ್ಡಿನ ಬಡ್ಡಿಯೂ ಅವನ ಖರ್ಚು. ನಮ್ಮ ಭೂಮಿಗೆ ಬಾಡಿಗೆ ಇಲ್ಲ, ನಮ್ಮ ಬಂಡವಾಳಕ್ಕೆ ಬಡ್ಡಿ ಇಲ್ಲ. ಅದೇ ಬಂಡವಾಳವನ್ನು ನಾವು ಸಾಲ ತಂದರೆ ಮಾತ್ರ ಬಡ್ಡಿಯೂ ಇದೆ, ಸುಸ್ತಿ ಬಡ್ಡಿಯೂ ಇದೆ! ಸ್ವಂತ ಅಣ್ಣತಮ್ಮಂದಿರಿಗೆ ಯಾರಾದರೂ ಹೀಗೆ ಲೆಕ್ಕ ಹಾಕುತ್ತಾರೆಯೇ?

ಅಷ್ಟೂ ಸಾಲದೆಂಬಂತೆ, ಮಾರುಕಟ್ಟೆಯಲ್ಲಿ ಬೆಲೆ ತಾನಾಗಿಯೇ ಒಂದಿಷ್ಟು ಮೇಲೆದ್ದರೆ ಸರ್ಕಾರಕ್ಕೆ ನಿದ್ದೆ ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ತೊಗರಿ ಆಮದಿಗೆ ಬಾಗಿಲು ತೆರೆದರು. ಕಲಬುರಗಿಯ ತೊಗರಿ ಬೆಳೆಗಾರ ಬಾಂಧವನಲ್ಲವೇ? 2023ರ ಆಗಸ್ಟಿನಲ್ಲಿ ಈರುಳ್ಳಿ ರಫ್ತಿನ ಮೇಲೆ ಶೇಕಡ 40 ಸುಂಕ ಹಾಕಿದರು. ಅದೂ ಸಾಲದೆ ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿದರು; 2024ರ ಮೇ ತಿಂಗಳವರೆಗೆ ಹಾಗೇ ನಡೆಯಿತು. ಬೆಲೆ ಏರಿದಾಗ ಹೀಗೆ ಓಡಿಬರುವ ಕೈ, ಬೆಲೆ ಬಿದ್ದು ರೈತ ಮೂಟೆಗಳನ್ನು ರಸ್ತೆ ಬದಿಗೆ ಸುರಿದುಹೋಗುವ ದಿನ ಎಲ್ಲಿರುತ್ತದೆ? ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆ ಕಟ್ಟಿದವರು ನಮ್ಮ ಸರ್ಕಾರಗಳನ್ನು ನೋಡಿರಲಿಲ್ಲ. ನೋಡಿದ್ದರೆ, ನೆಂಟನ ಮನೆಯ ಅಕ್ಕಿಯನ್ನೇ ಅಗ್ಗಕ್ಕೆ ಅಳೆಸಿಕೊಂಡು ನೆಂಟನಿಗೆ ಪ್ರೀತಿಯ ಕಾಗದ ಬರೆಯುವವರ ಮೇಲೆ ಇನ್ನೊಂದು ಗಾದೆ ಕಟ್ಟುತ್ತಿದ್ದರು.

ಇಲ್ಲಿ ಪಟ್ಟಣದ ಓದುಗರೊಬ್ಬರು ಎದ್ದು ನಿಂತು ಕೇಳಬಹುದು: “ಹಾಗಾದರೆ ಬಡವ ಏನು ತಿನ್ನಬೇಕು? ಅವನು ನಿಮ್ಮ ಬಾಂಧವನಲ್ಲವೇ?”

ಪ್ರಶ್ನೆ ನ್ಯಾಯವಾದದ್ದು. ಅದನ್ನು ತಳ್ಳಿಹಾಕಬಾರದು. ಗಾರೆ ಕೆಲಸದವನು, ಗಾರ್ಮೆಂಟ್ಸ್ ಹೆಣ್ಣುಮಗಳು, ಆಟೋ ಓಡಿಸುವವನು ಇವರೆಲ್ಲ ನಮ್ಮ ಮನೆಗಳಿಂದಲೇ ಹೋದವರು. 2013ರ ಆಹಾರ ಭದ್ರತಾ ಕಾಯ್ದೆ ಅಗ್ಗದ ಧಾನ್ಯವನ್ನು ಪಟ್ಟಣದಲ್ಲಿ ಶೇಕಡ 50ರವರೆಗೆ, ಹಳ್ಳಿಯಲ್ಲಿ ಶೇಕಡ 75ರವರೆಗೆ ಜನರಿಗೆ ಕೊಡಬೇಕೆನ್ನುತ್ತದೆ. ಅಂದರೆ ಪಡಿತರದ ಸಾಲಿನಲ್ಲಿ ನಿಂತವರಲ್ಲಿ ನಾವೂ ಇದ್ದೇವೆ. ಎಕರೆ ಅರ್ಧ ಎಕರೆಯವನು ಬೆಳೆದದ್ದನ್ನು ಸುಗ್ಗಿಯಲ್ಲೇ ಮಾರಿ, ಆಷಾಢದಲ್ಲಿ ರೇಷನ್ ಚೀಲ ಹಿಡಿಯುತ್ತಾನೆ. ಬಡವನಿಗೆ ಅಗ್ಗದ ಅನ್ನ ಕೊಡುವುದು ತಪ್ಪಲ್ಲ. ಆ ಅಗ್ಗದ ಖರ್ಚನ್ನು ಬೆಳೆದವನ ಜೇಬಿನಿಂದ ಕೀಳುವುದು ತಪ್ಪು. ಕೊಳ್ಳುವ ಬೆಲೆಗೂ ಕೊಡುವ ಬೆಲೆಗೂ ನಡುವಿನ ಅಂತರವನ್ನು ಇಡೀ ದೇಶ ಹೊರಲಿ, ಶ್ರೀಮಂತನ ತೆರಿಗೆ ಹೊರಲಿ. ಆಗ ಅದು ಬಾಂಧವ್ಯ. ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿ ‘ನಿನ್ನ ಹೊಟ್ಟೆ ತುಂಬಿಲ್ಲ, ಅವನು ಬೆಲೆ ಕೇಳುತ್ತಾನೆ ನೋಡು’ ಎನ್ನುವುದು ಮನೆ ಮುರುಕತನ.

ಇನ್ನು ಸಾಲದ ಲೆಕ್ಕ.

‘ಸುಸ್ತಿ’ ಎಂಬ ಮಾತೂ ಪಾರಸಿಯದೇ. ಸೋಮಾರಿತನ, ಜಡತನ ಎಂದು ಅದರ ಮೂಲ ಅರ್ಥ. ದುಡಿದು ದುಡಿದು ಸುಸ್ತಾದವನಿಗೆ ಸರ್ಕಾರಿ ಭಾಷೆ ಕೊಟ್ಟ ಬಿರುದು ಸೋಮಾರಿ ಎಂದು! ಇದನ್ನು ತಿರುಗಿಸಿ ಹೇಳಲು ಒಂದು ಚಳವಳಿಯೇ ಬೇಕಾಯಿತು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಕರದ ಹೊರೆ ಬಿದ್ದು, 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಗಿ ರೈತರು ಸತ್ತರು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಪ್ರೊ. ನಂಜುಂಡಸ್ವಾಮಿ ಅವರ ಕಾಲದ ಸಭೆಗಳಲ್ಲಿ ರೈತ ಕೇಳಿಸಿಕೊಂಡ ಹೊಸ ಮಾತೆಂದರೆ ಇದು: ಇಷ್ಟು ವರ್ಷ ನಮ್ಮ ಬೆಳೆಯನ್ನು ನ್ಯಾಯದ ಬೆಲೆಗಿಂತ ಕಡಿಮೆಗೆ ಎತ್ತಿಕೊಂಡವರು ಯಾರೋ, ಬಾಕಿದಾರರು ಅವರೇ, ರೈತನಲ್ಲ. ಹಸಿರು ಶಾಲು ಹೊದ್ದು ತಾಲ್ಲೂಕು ಕಚೇರಿಗೆ ಹೋದವನು ಅಂದು ಮೊದಲ ಸಲ ಕುರ್ಚಿ ಎಳೆದುಕೊಂಡು ಕೂತ. ಅಲ್ಲಿಯವರೆಗೆ ಅವನು ಸಾಹೇಬರ ಮುಂದೆ ನಿಂತೇ ಇದ್ದ.

‘ಋಣ’ ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ ಇರುವುದನ್ನು ಗಮನಿಸಿ. ಒಂದು ಪಹಣಿಯಲ್ಲಿ ಬರೆಯುವ ಋಣ. ಇನ್ನೊಂದು ಅನ್ನದ ಋಣ, ಹಾಲಿನ ಋಣ, ನೆರೆಯ ಋಣ. ಮೊದಲನೆಯದಕ್ಕೆ ಕಾಲಂ ಇದೆ, ರುಜು ಇದೆ, ನೋಟೀಸು ಇದೆ. ಎರಡನೆಯದಕ್ಕೆ ಯಾವ ಕಚೇರಿಯಲ್ಲೂ ಕಾಲಂ ಇಲ್ಲ. ನಮ್ಮ ಬಾಕಿಯನ್ನು ಮಾತ್ರ ಬರೆದು ನಮಗೆ ಬರಬೇಕಾದ್ದನ್ನು ಬರೆಯದ ಲೆಕ್ಕದ ಪುಸ್ತಕವನ್ನು ಯಾವ ಬಾಂಧವ ಒಪ್ಪಿಯಾನು?

ಇಷ್ಟು ಹೇಳಿ ನಿಲ್ಲಿಸಿದರೆ ಈ ಬರಹ ಅರ್ಧ ಸುಳ್ಳಾದೀತು. ಯಾಕೆಂದರೆ ತೂರುವಾಗ ನಮ್ಮ ರಾಶಿಯಲ್ಲೂ ಹೊಟ್ಟು ಹಾರುತ್ತದೆ.

ನಮ್ಮ ಸಂಘದ ಸಭೆಯಲ್ಲೂ ‘ರೈತ ಬಾಂಧವರೇ’ ಎನ್ನುತ್ತೇವಲ್ಲ, ಯಾರನ್ನು ನೋಡಿಕೊಂಡು ಎನ್ನುತ್ತೇವೆ? ವ್ಯಾಕರಣ ಹೆಂಗಸರನ್ನೂ ಸೇರಿಸೀತು, ಸಭೆಯ ಜಮಖಾನ ಸೇರಿಸುವುದಿಲ್ಲ. ನಾಟಿ ಹಾಕುವವಳು, ಕಳೆ ಕೀಳುವವಳು, ಹತ್ತಿ ಬಿಡಿಸುವವಳು, ಹಾಲು ಕರೆಯುವವಳು ಆಕೆ. ಪಹಣಿ ಮಾತ್ರ ಗಂಡನದು, ಮಾವನದು. ಪಹಣಿ ಇಲ್ಲವೆಂದು ಬೆಳೆ ಸಾಲವಿಲ್ಲ. ಮಗಳ ಫೀಜಿಗೆ, ಅತ್ತೆಯ ಆಸ್ಪತ್ರೆಗೆ ದುಡ್ಡು ಬೇಕಾದಾಗ ಆಕೆಗೆ ಸಿಕ್ಕಿದ್ದು ವಾರದ ಕಂತಿನ ಗುಂಪು ಸಾಲ.

ಆ ಗುಂಪು ಸಾಲದ ಒಳಗುಟ್ಟು ನೋಡಿ. ಹೊಲ ಅಡವಿಲ್ಲ, ಒಡವೆ ಅಡವಿಲ್ಲ. ಅಡವಿಟ್ಟುಕೊಂಡದ್ದು ನೆರೆಹೊರೆಯನ್ನು! ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ವಸೂಲಿಗಾರ ಜೋರು ಮಾಡುವ ಮೊದಲೇ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಜೋರು ಮಾಡುತ್ತಾಳೆ. ಹುಳಿಗೆ ಉಪ್ಪು ಕೇಳಲು ಬರುತ್ತಿದ್ದ ಅದೇ ಬಾಗಿಲು! ಬಾಂಧವ್ಯವನ್ನೇ ಕೈಕೋಳ ಮಾಡಿಕೊಂಡ ಸಾಲ ಇದು. ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಮೇಲಿಂದ ಮೇಲೆ ಬಂದಾಗ, ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಸಜೆ ಎಂದು ಬರೆಯಿತು. ಒಳ್ಳೆಯದೇ. ಆದರೆ ಆ ಹೆಣ್ಣುಮಕ್ಕಳು ವಾರವಾರ ಕಂತಿಗೆ ಅಲೆಯುತ್ತಿದ್ದಾಗ ನಮ್ಮ ಸಂಘ ಎಲ್ಲಿತ್ತು? ಅದು ಹೆಂಗಸರ ಚೀಟಿ ವ್ಯವಹಾರ ಎಂದು ನಾವು ಮೀಸೆ ತಿರುವುತ್ತಾ ಕೂತಿರಲಿಲ್ಲವೇ?

ಕೂಲಿಯವರ ಮಾತೂ ಇಷ್ಟೇ. ಬೆಂಬಲ ಬೆಲೆಗೆ ರಸ್ತೆ ತಡೆಯುವವನು, ಕೂಲಿ ಹತ್ತು ರೂಪಾಯಿ ಹೆಚ್ಚು ಕೇಳಿದರೆ ‘ಇವರಿಗೆ ಕೊಬ್ಬು ಬಂದಿದೆ’ ಎಂದರೆ ಅವನ ಬಾಯಲ್ಲಿ ಬಾಂಧವ ಎಂಬ ಮಾತು ನಿಲ್ಲುವುದಿಲ್ಲ. ಕೇರಿಯವರನ್ನು ಮೆರವಣಿಗೆಗೆ ಕರೆದು, ಮೆರವಣಿಗೆ ಮುಗಿದ ಮೇಲೆ ಬೇರೆ ಲೋಟದಲ್ಲಿ ಚಹಾ ಕೊಟ್ಟರೆ, ನಮಗೂ ಆ ಕೃಷಿ ಮೇಳದ ಕರೆಯೋಲೆಗೂ ಏನು ವ್ಯತ್ಯಾಸ? ನಮ್ಮ ಬೆಲೆಯ ಲೆಕ್ಕದಲ್ಲಿ ಅವರ ಕೂಲಿ ಸೇರಿದೆ. ಬೆಲೆ ಸಿಕ್ಕ ದಿನ ಅದು ಅವರ ಕೈಗೂ ಸೇರಬೇಕು. ಈ ಮಾತು ಕೆಲವರಿಗೆ ಕಹಿಯಾದೀತು. ಆಗಲಿ. ಬೇವು ಕಹಿಯೆಂದು ಯಾರೂ ಕಡಿಯುವುದಿಲ್ಲ.

ಹಾಗಾದರೆ ಈ ಮಾತನ್ನು ಬಿಟ್ಟುಬಿಡೋಣವೇ? ಬೇಡ. ಒಳ್ಳೆಯ ಎತ್ತನ್ನು ಕಳ್ಳ ಹೊಡೆದುಕೊಂಡು ಹೋದನೆಂದು ಬೇಸಾಯ ಬಿಡುತ್ತೇವೆಯೇ? ಎತ್ತನ್ನು ಹುಡುಕಿ ತರಬೇಕು. ಇನ್ನು ಮುಂದೆ ಯಾವ ಪಕ್ಷದವರೇ ಆಗಲಿ, ವೇದಿಕೆಯ ಮೇಲಿಂದ ‘ಬಾಂಧವರೇ’ ಎಂದ ಕೂಡಲೇ ಯಾರಾದರೊಬ್ಬರು ಎದ್ದು ನಿಂತು ಮೂರು ಮಾತು ಕೇಳಿ. ಬೆಲೆಯನ್ನು ಯಾವ ಲೆಕ್ಕದ ಮೇಲೆ ಕಟ್ಟಿದಿರಿ? ಬರ ಬಂದ ವರ್ಷ ಸಾಲಕ್ಕೆ ಏನು ಮಾಡಿದಿರಿ? ನಮ್ಮ ಹೆಂಗಸರ ಬಾಗಿಲಿಗೆ ವಸೂಲಿಗಾರ ಬಂದಾಗ ಯಾರನ್ನು ಕಳಿಸಿದಿರಿ? ಉತ್ತರ ಬಂದರೆ ಕೂತು ಕೇಳಿ. ಬರದಿದ್ದರೆ ಆ ಕರೆ ನಿಮ್ಮದಲ್ಲವೆಂದು ಎದ್ದು ಬನ್ನಿ. ನಮ್ಮ ಸಭೆಯಲ್ಲೂ ಇದೇ ಪದ್ಧತಿ ಇರಲಿ. ಅಲ್ಲಿ ಪ್ರಶ್ನೆ ಕೇಳುವ ಸರದಿ ಹೆಂಗಸರದು, ಕೂಲಿಯವರದು.

ಇನ್ನು ಆ ಹಿರಿಯರ ವಿಷಯ. ಅವರ ಮೆಕ್ಕೆಜೋಳ ಒಣಗಿದ್ದು 2023ರ ಬರದಲ್ಲಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತವೆಂದು ಸಾರಿತ್ತು. ಬೆಳೆ ನಷ್ಟ ಶೇಕಡ 33 ದಾಟಿದ ಕಡೆ ಬ್ಯಾಂಕುಗಳು ಬೆಳೆ ಸಾಲದ ಅವಧಿ ಬದಲಿಸಿ ಕಂತು ಮುಂದೂಡಬಹುದೆಂದು ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಲ್ಲೇ ಇತ್ತು. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲೆ ಕೂತೇ ಉತ್ತರ ಬರೆದೆವು. ಅಸಲೆಷ್ಟು, ಬಡ್ಡಿಯೆಷ್ಟು, ಸುಸ್ತಿ ಬಡ್ಡಿಯೆಷ್ಟು, ಬಿಡಿಬಿಡಿಯಾಗಿ ಲೆಕ್ಕ ಕೊಡಿ. ಬರದ ವರ್ಷದ ಸಾಲದ ಅವಧಿ ಬದಲಿಸಿದ್ದೀರಾ, ಇಲ್ಲವಾದರೆ ಯಾಕೆ, ಬರವಣಿಗೆಯಲ್ಲಿ ತಿಳಿಸಿ. ವಿಮೆಯ ಕಂತು ಮುರಿದುಕೊಂಡಿದ್ದರೆ ಪರಿಹಾರ ಏನಾಯಿತು ಹೇಳಿ. ಸ್ವೀಕೃತಿಯ ಮೊಹರಿಗೆಂದು ಒಂದು ನಕಲು ನಮ್ಮ ಕೈಯಲ್ಲಿ.

ಮೇಲೆ ಏನಂತ ಬರೆಯಲಿ ಎಂದೆ. ‘ಮಾನ್ಯರೇ’ ಅಂತ ತಾನೇ ವಾಡಿಕೆ?

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “‘ಬಾಂಧವರೇ’ ಅಂತ ಬರಿ. ಅವರೂ ಒಂದ್ಸಲ ಲೆಕ್ಕ ನೋಡ್ಕಳ್ಳಿ.”